ಎಳೆ ಎಣಿಸುವ ಅಣುಗಳು

ನಮಸ್ಕಾರ. ಧಾರವಾಡದ ಕಡೆ ಹಳೇ ಟ್ರಂಕು ತೆಗೆದರೆ ಕಸೂತಿ ಹಾಕಿದ ಒಂದು ಇಳಕಲ್ ಸೀರೆ ಸಿಗುವುದು ಹೊಸದೇನಲ್ಲ. ನಮ್ಮ ಅಜ್ಜಿಯೂ ಹಾಕುತ್ತಿದ್ದರು. ಬಟ್ಟೆ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುವ ಮಾತೇ ಇಲ್ಲ, ಸುಮ್ನೆ ಎಳೆ ಎಣಿಸುತ್ತಾ ಹೋಗುವುದು, ಗೋಪುರ, ತೇರು, ತುಳಸಿ ಕಟ್ಟೆ ಒಂದೊಂದಾಗಿ ಮೂಡುತ್ತಾ ಬರುವುದು. ಒಂದೆಳೆ ತಪ್ಪಿತೋ, ಅಲ್ಲಿಯವರೆಗೂ ಬಿಚ್ಚುವುದು. "ಬಿಚ್ಚಾಕ ಬರದಾಕಿಗೆ ಹಾಕಾಕೂ ಬರೂದಿಲ್ಲ" ಅನ್ನೋರು.

ನಾನು ಇವತ್ತು ಹೇಳುವ ಕತೆಯಲ್ಲೂ ಬಟ್ಟೆ ಇದೆ, ಸೂಜಿ ಇದೆ. ಹಾಕುವವರು ಮಾತ್ರ ಯಾರೂ ಇಲ್ಲ.

ಬಟ್ಟೆ ಅಂದರೆ ಚಿನ್ನದ ತುಣುಕು. ಕಣ್ಣಿಗೆ ನುಣುಪು, ಆದರೆ ಅದಕ್ಕೂ ಎಳೆಗಳಿವೆ: ಪರಮಾಣುಗಳು ಸುಮಾರು 0.29 ನ್ಯಾನೋಮೀಟರ್ ಅಂತರದಲ್ಲಿ ಸಾಲಾಗಿ ಕೂತಿವೆ (ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್). ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆಯೊಳಗೆ ಈ ಚಿನ್ನವನ್ನಿಟ್ಟು, ಟ್ರೈಮೆಸಿಕ್ ಆಸಿಡ್ ಅನ್ನುವ ಪುಡಿಯನ್ನು ಬಿಸಿ ಮಾಡಿ ಆವಿಯಾಗಿಸಿ ಮೇಲೆ ಬಿಡುತ್ತಾರೆ. ಆ ಅಣುವಿಗೆ ತ್ರಿಕೋನದ ಮೈ, ಮೂರು ಮೂಲೆಗೆ ಮೂರು ಕೈ. ಬಿದ್ದಲ್ಲಿ ಅದು ಸುಮ್ಮನೆ ಕೂರುವುದಿಲ್ಲ, ಜಾರಾಡುತ್ತದೆ, ಪಕ್ಕದವರ ಕೈ ಸಿಕ್ಕರೆ ಹಿಡಿಯುತ್ತದೆ. ಆರು ಅಣು ಸುತ್ತ ಕೈ ಹಿಡಿದು ನಿಂತರೆ ಆರು ಮೂಲೆಯ ಒಂದು ಕೋಣೆ, ಅದಕ್ಕೆ ಅಂಟಿಕೊಂಡು ಇನ್ನೊಂದು, ಥೇಟ್ ಜೇನುಹುಟ್ಟು. ಒಂದು ಕೋಣೆಯ ನಡುವಿನಿಂದ ಪಕ್ಕದ ಕೋಣೆಯ ನಡುವಿಗೆ ಸುಮಾರು 1.6 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರ್ ಉದ್ದಕ್ಕೆ 6 ಲಕ್ಷಕ್ಕೂ ಜಾಸ್ತಿ ಕೋಣೆ!

ಹೇಳುವವರಿಲ್ಲ, ಕೇಳುವವರಿಲ್ಲ, ಇಷ್ಟು ಅಚ್ಚುಕಟ್ಟು ಎಲ್ಲಿಂದ ಬಂತು? ಹಿಡಿತ ಸಡಿಲ ಇರುವುದರಿಂದ. ಗಟ್ಟಿ ಹಿಡಿತದಿಂದ ಅಲ್ಲ. ಈ ಕೈಗಳು ಹೈಡ್ರೋಜನ್ ಬಂಧಗಳು, ಸ್ವಲ್ಪ ಶಾಖಕ್ಕೇ ಬಿಟ್ಟುಕೊಳ್ಳುತ್ತವೆ. ಓರೆಯಾಗಿ ಹಿಡಿದದ್ದು ಬೇಗ ಬಿಡುತ್ತದೆ, ಸರಿಯಾಗಿ ಹಿಡಿದದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಅಜ್ಜಿ ಬಿಚ್ಚುತ್ತಿದ್ದರಲ್ವಾ, ಇಲ್ಲಿ ಆ ಕೆಲಸವನ್ನು ಶಾಖ ಮಾಡುತ್ತದೆ. ತೀರಾ ತಣ್ಣಗಿಟ್ಟರೆ ಅಣುಗಳು ಬಿದ್ದಲ್ಲೇ ಬಿದ್ದು ಗುಡ್ಡೆಯಾಗುತ್ತವೆ, ಕಾಯಿಸಿದ್ದು ಜಾಸ್ತಿಯಾದರೆ ಹಾರಿಯೇ ಹೋಗುತ್ತವೆ.

ಬಟ್ಟೆ ಬದಲಾದರೆ ಚಿತ್ತಾರವೂ ಬದಲು. ಅದೇ ಅಣುವನ್ನು ತಾಮ್ರದ ಮೇಲೆ ಬಿಡಿ, ತಾಮ್ರ ಅದರ ಕೈಯಲ್ಲಿರುವ ಹೈಡ್ರೋಜನ್ನನ್ನೇ ಕಸಿದುಕೊಳ್ಳುತ್ತದೆ, ಆಮೇಲೆ ಬೇರೆಯೇ ವಿನ್ಯಾಸ.

ಸೂಜಿ ಎಲ್ಲಿ ಅಂತೀರಾ? ಅದು ನೋಡುವ ಸೂಜಿ, ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್ ಅನ್ನುವ ಸೂಕ್ಷ್ಮದರ್ಶಕದ್ದು. ಜ್ಯೂರಿಚ್ ಹತ್ತಿರದ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ 1981ರಲ್ಲಿ ಆ ಸೂಕ್ಷ್ಮದರ್ಶಕವನ್ನು ಮಾಡಿದರು, 1986ರಲ್ಲಿ ನೊಬೆಲ್ ಬಂತು. ಸೂಜಿಯ ಮೊನೆ ಲೋಹವನ್ನು ಮುಟ್ಟುವುದಿಲ್ಲ, ಒಂದು ನ್ಯಾನೋಮೀಟರಿಗಿಂತ ಕಡಿಮೆ ದೂರದಲ್ಲಿ ಮೇಲೆ ಓಡಾಡುತ್ತದೆ. ನಡುವಿನ ಸಂದಿಯನ್ನು ಎಲೆಕ್ಟ್ರಾನುಗಳು ಹೇಗೋ ದಾಟುತ್ತವೆ. ಸಂದಿ 0.1 ನ್ಯಾನೋಮೀಟರ್ ಹೆಚ್ಚಾದರೂ ಕರೆಂಟು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆ ಏರಿಳಿತವೇ ಚಿತ್ರವಾಗುತ್ತದೆ.

ಆ ಚಿತ್ರಗಳಲ್ಲಿ ಅಲ್ಲಲ್ಲಿ ಒಂದು ಕೆಟ್ಟ ಗೆರೆ ಕಾಣುತ್ತದೆ. ಜೇನುಹುಟ್ಟು ಒಂದೇ ಕಡೆ ಶುರುವಾಗುವುದಿಲ್ಲ, ಹಲವು ಕಡೆ ಒಟ್ಟಿಗೆ ಬೆಳೆದು ಎದುರುಬದುರಾದಾಗ ಸಾಲು ಕೂಡುವುದಿಲ್ಲ. ಸೆರಗಿನ ಆ ತುದಿಯಿಂದ ಅಜ್ಜಿ, ಈ ತುದಿಯಿಂದ ಅವರ ತಂಗಿ ಹಾಕುತ್ತಾ ಬಂದ ಸೀರೆಯೊಂದು ನಮ್ಮನೆಯಲ್ಲಿದೆ. ನಟ್ಟನಡುವೆ ಒಂದು ತೇರಿಗೆ ಒಂದೆಳೆ ಕಡಿಮೆ ಬಿದ್ದಿದೆ.