ಸಾವನ್ನೇ ಕುಣಿಯಲು ಕರೆದ ಹಾಡು

ಇದನ್ನು ಕತ್ತೆತ್ತಿ ನೋಡಬೇಕು. ಚಿತ್ರ ಇರುವುದು ಗೋಡೆಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ. ಎಡತುದಿಯಿಂದ ಶುರು ಮಾಡೋಣ. ಒಂದು ಒರಟು ಪೀಠ, ಅದರ ಮೇಲೆ ಕೂತ ಅಸ್ಥಿಪಂಜರ. ತಲೆಯ ಮೇಲೆ ಕಿರೀಟ, ಕಂಕುಳಲ್ಲಿ ಬ್ಯಾಗ್‌ಪೈಪ್. ಪಕ್ಕದಲ್ಲಿ ಇನ್ನೆರಡು ಅಸ್ಥಿಪಂಜರಗಳು ಕಹಳೆ ಊದುತ್ತಿವೆ. ಮುಂದೆ ವಾಲಗದವರು, ಹಿಂದೆ ಮೆರವಣಿಗೆ, ಅಷ್ಟೇ.

ಇದು ಉತ್ತರ ಇಟಲಿ, ತ್ರೆಂತೀನೊ ಸೀಮೆಯ ಪಿನ್ಜೋಲೊ ಎಂಬ ಊರು. ಸುತ್ತ ಬೆಟ್ಟ. ಚರ್ಚಿನ ಹೆಸರು ಸಾನ್ ವಿಜೀಲಿಯೊ, ಮಗ್ಗುಲಲ್ಲೇ ಸ್ಮಶಾನ. 1539ರಲ್ಲಿ ಸಿಮೋನೆ ಬಾಸ್ಕೇನಿಸ್ ಎಂಬ ಚಿತ್ರಕಾರ ಈ ದಕ್ಷಿಣದ ಗೋಡೆಯ ಹೊರಮೈ ಮೇಲೆ ಸಾವಿನ ಕುಣಿತ ಬರೆದ. ಉದ್ದ ಇಪ್ಪತ್ತು ಮೀಟರಿಗೂ ಜಾಸ್ತಿ.

ಕ್ಯಾಮೆರಾ ನಿಧಾನವಾಗಿ ಬಲಕ್ಕೆ ಹೋಗುತ್ತಿದೆ, ನೋಡಿ. ಪೋಪ್, ಬಿಷಪ್, ಚಕ್ರವರ್ತಿ, ರಾಜ, ರಾಣಿ. ಆಮೇಲೆ ವೈದ್ಯ, ಸೈನಿಕ, ಜಿಪುಣ ಸಾಹುಕಾರ, ಭಿಕ್ಷುಕ, ಮುದುಕಿ. ಒಂದು ಮಗು ಕೂಡ. ಒಬ್ಬೊಬ್ಬರಿಗೂ ಒಂದೊಂದು ಅಸ್ಥಿಪಂಜರ ಜೊತೆಗಾರ. ಕೊನೆಯಲ್ಲಿ ಸಾವು ಕುದುರೆ ಏರಿ ಬಾಣ ಬಿಡುತ್ತಿದೆ. ಕೆಳಗೆ ಪದ್ಯದ ಸಾಲುಗಳಿವೆ. ಕಿರೀಟ ಹೊತ್ತ ಸಾವು, 'ನಾನೇ ಎಲ್ಲರ ಒಡತಿ' ಎಂದು ಹೇಳಿಕೊಳ್ಳುತ್ತದೆ. ಹೌದು, ಒಡತಿ. ನಮ್ಮ ಯಮ ಕೋಣ ಏರಿ ಬರುವ ಗಂಡಸು. ಇವರ ಸಾವು ಹೆಂಗಸು.

ನಾನು ಇಲ್ಲಿಗೆ ಬಂದದ್ದು ಚಿತ್ರಕ್ಕಿಂತ ಹೆಚ್ಚಾಗಿ ಒಂದು ಹಾಡಿನ ದೆಸೆಯಿಂದ. ಇಟಲಿಯ ಹಾಡುಗಾರ ಆಂಜೆಲೊ ಬ್ರಾಂದುವಾರ್ದಿ 1977ರಲ್ಲಿ 'ಲಾ ಪುಲ್ಚೆ ದಾಕ್ವಾ', ಅಂದರೆ 'ನೀರುಚಿಗಟ', ಎಂಬ ಆಲ್ಬಂ ತಂದರು. ಅದರಲ್ಲಿ 'ಎಫ್ ಶಾರ್ಪ್ ಮೈನರ್‌ನಲ್ಲಿ ಕುಣಿತ' ಎಂಬ ಹಾಡಿದೆ. ಶುರುವಿನಲ್ಲಿ ಈ ಗೋಡೆಯ ಸಾವೇ ಬಂದು ಮಾತಾಡುತ್ತಾಳೆ. ಅದೇ ಕಿರೀಟ, ಅದೇ ಜಂಬ. ಕೇಳುವವರ ಎದೆ ಸ್ವಲ್ಪ ತಣ್ಣಗಾಗುತ್ತದೆ.

ಆಮೇಲೆ ಜನ ಉತ್ತರ ಕೊಡುತ್ತಾರೆ. ಹಾಡಿನ ಜೀವ ಇರುವುದು ಇಲ್ಲೇ. 'ಬಾ ತಾಯಿ, ಇವತ್ತಿನ ಕುಣಿತಕ್ಕೆ ನೀನೇ ಮುಖ್ಯ ಅತಿಥಿ. ಕುಡುಗೋಲು ಕೆಳಗಿಡು, ನಮ್ಮ ಜೊತೆ ಸುತ್ತು ಹಾಕು' ಅನ್ನುವ ಧಾಟಿ. ಒಂದು ಸುತ್ತು ಆಯಿತು, ಇನ್ನೊಂದು ಸುತ್ತು ಆಯಿತು, ಅಷ್ಟರಲ್ಲಿ ಕಾಲ ಅವಳ ಕೈ ತಪ್ಪಿರುತ್ತದೆ! ಗೋಡೆಯ ಮೇಲೆ ಸಾವು ಮನುಷ್ಯರನ್ನು ಕುಣಿಸುತ್ತದೆ. ಹಾಡಿನಲ್ಲಿ ಮನುಷ್ಯರು ಸಾವನ್ನು ಕುಣಿಸುತ್ತಾರೆ. ಹಳೆಯ ಕಥೆ ಎತ್ತಿಕೊಂಡು ಹಾಡು ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ. ಕಥೆಯ ಜೊತೆ ಹೀಗೆ ವಾದಕ್ಕೆ ನಿಂತವರು ಕಡಿಮೆ. ಮಾತುಗಳನ್ನು ಬ್ರಾಂದುವಾರ್ದಿ ಜೊತೆ ಬರೆಯುತ್ತಿದ್ದವರು ಅವರ ಹೆಂಡತಿ ಲುಯಿಜಾ ತ್ಸಾಪ್ಪಾ.

ರಾಗವೂ ಸುಮ್ನೆ ಬಂದದ್ದಲ್ಲ. ಜಾರ್ಜೊ ಮೈನೇರಿಯೊ ಎಂಬ ಸಂಗೀತಗಾರ 1578ರಲ್ಲಿ ವೆನಿಸ್‌ನಲ್ಲಿ ಕುಣಿತದ ರಾಗಗಳ ಪುಸ್ತಕ ಅಚ್ಚು ಹಾಕಿಸಿದ. ಹಾಡಿ, ಇಲ್ಲವೇ ಯಾವ ವಾದ್ಯದಲ್ಲಾದರೂ ನುಡಿಸಿ ಎಂಬ ಪುಸ್ತಕ ಅದು. ಅದರಲ್ಲಿರುವ 'ಸ್ಕಿಯಾರಾತ್ಸುಲಾ ಮಾರಾತ್ಸುಲಾ' ಎಂಬ ಪುಟ್ಟ ರಾಗವೇ ಈ ಹಾಡಿನ ಬೆನ್ನೆಲುಬು. ಮಾಟ-ಮಂತ್ರದ ನಂಟಿದೆ ಎಂಬ ಅನುಮಾನದಲ್ಲಿ ಮೈನೇರಿಯೊ ಚರ್ಚಿನ ವಿಚಾರಣೆಯನ್ನೂ ಎದುರಿಸಿದ್ದ. 1624ರಲ್ಲಿ ಈಶಾನ್ಯ ಇಟಲಿಯ ಫ್ರಿಯೂಲಿ ಸೀಮೆಯಿಂದ ಚರ್ಚಿಗೆ ಒಂದು ದೂರು ಹೋಗಿದೆ: ಜನ 'ಸ್ಕಿಯಾರಾತ್ಸುಲಾ' ಹೇಳಿಕೊಂಡು ಮಳೆ ಕರೆಯುತ್ತಿದ್ದಾರೆ ಅಂತ. ಮಳೆ ಬಂತೋ ಇಲ್ಲವೋ, ದೂರಿನಿಂದಾಗಿ ರಾಗದ ಹೆಸರಂತೂ ದಾಖಲೆಯಲ್ಲಿ ಉಳಿಯಿತು. ಒಮ್ಮೆ ಕೇಳಿದರೆ ಸಾಕು, ಬಿಡುವುದಿಲ್ಲ. ತಿರುಗಿ ತಿರುಗಿ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ.

ಆಲ್ಬಂನ ಉಳಿದ ಹಾಡುಗಳ ವಿಷಯಕ್ಕೆ ಬರೋಣ. 'ಚೆರ್ರಿ ಮರ' ನನಗೆ ತುಂಬಾ ಇಷ್ಟ. ತುಂಬು ಗರ್ಭಿಣಿ ಮೇರಿ ಹಣ್ಣು ಕಿತ್ತುಕೊಡು ಅನ್ನುತ್ತಾಳೆ. ಜೋಸೆಫ್‌ಗೆ ಸಿಟ್ಟು: 'ಮಗು ಕೊಟ್ಟವನನ್ನೇ ಕೇಳು, ಹೋಗು!' ಆಗ ಮರವೇ ಅವಳ ಕೈಗೆ ಎಟುಕುವಷ್ಟು ಬಾಗುತ್ತದೆ. ಬೈಬಲ್‌ನಲ್ಲಿ ಈ ಕಥೆ ಇಲ್ಲ. ಚರ್ಚು ಒಪ್ಪದ ಒಂದು ಹಳೆಯ ಗ್ರಂಥದಲ್ಲಿ ತಾಳೆ ಜಾತಿಯ ಮರ ಬಾಗುತ್ತದೆ. ಇಂಗ್ಲೆಂಡಿನ ಜನಪದರ ಬಾಯಲ್ಲಿ ಅದು ಚೆರ್ರಿ ಆಯಿತು. ಗಂಡ ಹೆಂಡತಿಯ ಆ ಜಗಳ ಎಷ್ಟು ಮನೆಯದ್ದು ಅನ್ನಿಸುತ್ತದೆ, ಅಲ್ವಾ?

'ಚಂದ್ರನೊಳಗಿನ ಮೊಲ' ಕೇಳಿದಾಗ ನೀವು ಥಟ್ಟನೆ ತಲೆ ಎತ್ತುತ್ತೀರಿ. ಅದು ನಮ್ಮ ಕಡೆಯಿಂದ ಹೋದ ಕಥೆ. ಹಸಿದ ಅತಿಥಿಗೆ ಕೊಡಲು ಬೇರೇನೂ ಇಲ್ಲದೆ ತನ್ನನ್ನೇ ಬೆಂಕಿಗೆ ಕೊಟ್ಟ ಮೊಲ, ಬುದ್ಧನ ಹಿಂದಿನ ಜನ್ಮಗಳ ಜಾತಕ ಕಥೆಯ ಮೊಲ. ಪಾಲಿಯಲ್ಲಿ ಅದರ ಗೆಳೆಯರು ಕೋತಿ, ಗುಳ್ಳೆನರಿ, ನೀರುನಾಯಿ. ಬೌದ್ಧರ ಜೊತೆ ಚೀನಾ, ಜಪಾನ್ ಕಡೆ ಹೋದ ಕಥೆಗಳಲ್ಲಿ ನೀರುನಾಯಿ ಕಾಣೆ. ಇಟಲಿಯ ಹಾಡಿನಲ್ಲೂ ಕೋತಿ, ನರಿ, ಮೊಲ ಮೂರೇ.

ಶೀರ್ಷಿಕೆಯ ಹಾಡು ನೆರಳು ಕದ್ದ ನೀರುಚಿಗಟದ ಬಗ್ಗೆ. ಕಥೆ ಅಮೆರಿಕದ ಮೂಲನಿವಾಸಿಗಳದ್ದು. ಆಲ್ಬಂನಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದ ಲುಯಿಜಿ ಲಾಯ್ ಅಲ್ಲಿನ ಲಾಉನೆದ್ದಾಸ್ ಎಂಬ ಊದುವ ವಾದ್ಯ ನುಡಿಸಿದ್ದಾರೆ. ಮೂರು ಜೊಂಡಿನ ಕೊಳವೆ ಒಟ್ಟಿಗೇ ಬಾಯಲ್ಲಿ. ಒಂದು ಶ್ರುತಿ ಹಿಡಿಯುತ್ತದೆ, ಎರಡು ರಾಗ ನುಡಿಯುತ್ತವೆ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಮೂಗಿನಿಂದ ಉಸಿರೆಳೆಯುತ್ತಾರೆ, ಹಾಗಾಗಿ ನಾದ ಕಡಿಯುವುದೇ ಇಲ್ಲ. ನಾಗಸ್ವರ ಕೇಳಿ ಬೆಳೆದ ಕಿವಿಗೆ ಇದು ಬೇಗ ಹಿಡಿಸುತ್ತದೆ.

ಇದು ರಾಕ್ ಹೌದಾ ಅಂತ ಕೆಲವರು ಕೇಳುತ್ತಾರೆ. ಆ ಕಾಲದ ಇಟಲಿಯ ಪ್ರೋಗ್ರೆಸಿವ್ ಬ್ಯಾಂಡ್‌ಗಳ ಸಿಂಥಸೈಜರ್ ಅಬ್ಬರ ಇಲ್ಲಿಲ್ಲ. ಪಿಟೀಲು, ಗಿಟಾರ್, ಕೊಳಲಿನ ದನಿಯೇ ಜಾಸ್ತಿ. ಪ್ರೋಗ್ರೆಸಿವ್ ಫೋಕ್ ಎಂಬ ಕಪಾಟಿನಲ್ಲಿ ಇಡುತ್ತಾರೆ, ನನಗೇನೂ ತಕರಾರಿಲ್ಲ. ಒಂದೇ ಗೊಣಗಾಟ ಅಂದರೆ, ಕೆಲವು ನಿಧಾನದ ಹಾಡುಗಳು ಒಂದರಂತೆ ಇನ್ನೊಂದು ಕೇಳಿಸುತ್ತವೆ. ಇಡೀ ಆಲ್ಬಂ ಒಂದೇ ಉಸಿರಿನಲ್ಲಿ ಕೇಳಬೇಡಿ. ಮೊದಲು ಕುಣಿತ, ಆಮೇಲೆ ಚೆರ್ರಿ ಮರ, ಆಮೇಲೆ ಮೊಲ. ಭಾಷೆ ಬರದಿದ್ದರೂ ಪರವಾಗಿಲ್ಲ, ಕಥೆ ಗೊತ್ತಿದ್ದರೆ ಸಾಕು.

ಪಕ್ಕದ ಕರಿಸೋಲೊದಲ್ಲಿ ಇದೇ ಬಾಸ್ಕೇನಿಸ್ 1519ರಲ್ಲಿ ಬರೆದ ಇನ್ನೊಂದು ಸಾವಿನ ಕುಣಿತ ಇದೆ. ಇದಕ್ಕಿಂತ ಇಪ್ಪತ್ತು ವರ್ಷ ಹಳೆಯದು. ಬೆಳಕು ಇರುವಾಗಲೇ ಅಲ್ಲಿಗೆ ಹೊರಡೋಣ, ಬನ್ನಿ.