ಸೂಜಿ ಹೋಯಿತು, ಚಿಲಕ ಉಳಿಯಿತು

ನಮಸ್ಕಾರ. ನಿಮ್ಮ ಮನೆ ಬಾಗಿಲಿಗೆ ಉದ್ದ ಚಿಲಕ ಇದ್ದರೆ ಒಮ್ಮೆ ಗಮನವಿಟ್ಟು ಹಾಕಿ ನೋಡಿ. ಹಿಡಿ ಎತ್ತಿ, ಮುಂದಕ್ಕೆ ತಳ್ಳಿ, ಪಕ್ಕಕ್ಕೆ ಮಡಚುತ್ತೀರಿ. ಆಮೇಲೆ ಎಷ್ಟು ದೂಡಿದರೂ ಬಾಗಿಲು ಜಗ್ಗುವುದಿಲ್ಲ. ಇದೇ ಚಿಲಕವನ್ನು ಬಂದೂಕಿನ ಹಿಂಬದಿಗೆ ತಂದು ಕೂರಿಸಿದವನು ಯೋಹಾನ್ ನಿಕೋಲಸ್ ಡ್ರೈಸೆ. ಜರ್ಮನಿಯ ಸೊಮ್ಮರ್ಡಾ ಊರಿನವನು. ಅಪ್ಪ ಬೀಗ ಮಾಡುತ್ತಿದ್ದ. ಇವನಿಗೆ ಚಿಲಕ ಹೊಳೆದದ್ದು ಸಹಜವೇ, ಅಲ್ವಾ?

ಆಗ ಜರ್ಮನ್ ರಾಜ್ಯಗಳಲ್ಲಿ ದೊಡ್ಡದಾಗಿದ್ದ ಪ್ರಷ್ಯಾದ ಸೇನೆ ಈ ಬಂದೂಕನ್ನು 1841ರಲ್ಲಿ ಒಪ್ಪಿಕೊಂಡಿತು. ಗುಟ್ಟು ಹೊರಬೀಳಬಾರದು ಅಂತ 'ಹಗುರ ಪರ್ಕಷನ್ (ತಟ್ಟಿ ಸಿಡಿಸುವ) ಬಂದೂಕು' ಎಂಬ ಸಾಧಾರಣ ಹೆಸರಿಟ್ಟರು. ಜನ ಮಾತ್ರ ಸೂಜಿ ಬಂದೂಕು ಅಂತಲೇ ಕರೆದರು.

ಆ ಸೂಜಿಯ ಕೆಲಸ ಸ್ವಲ್ಪ ಹತ್ತಿರದಿಂದ ನೋಡೋಣ. ತೋಟಾ, ಅಂದರೆ ಗುಂಡು ಮದ್ದು ಸೇರಿಸಿ ಕಟ್ಟಿದ ಪೊಟ್ಟಣ, ಪೂರ್ತಿ ಕಾಗದದ್ದು. ಅದನ್ನು ಹಿಂದಿನಿಂದ ತುಂಬಿ ಚಿಲಕ ಹಾಕುತ್ತಿದ್ದರು. ಒಳಗೆ ಮುಂದೆ ಮೊಟ್ಟೆಯಾಕಾರದ ಸೀಸದ ಗುಂಡು. ಅದರ ಬುಡದಲ್ಲಿ, ತಟ್ಟಿದರೆ ಸಿಡಿಯುವ ಚೂರು ಮದ್ದು. ಅದರ ಹಿಂದೆ ಉಳಿದ ಮದ್ದಿನ ಪುಡಿ. ಹಾಗಾಗಿ ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ಉದ್ದನೆಯ ಸೂಜಿ ಕಾಗದ ತೂರಿ, ಪುಡಿಯನ್ನೆಲ್ಲ ದಾಟಿ ಮುಂದೆ ಹೋಗಿ ಚುಚ್ಚಬೇಕು. ಅಂದರೆ ಮದ್ದು ಉರಿಯುವಾಗ ಸೂಜಿ ಬೆಂಕಿಯ ನಡುವೆಯೇ ಇರುತ್ತಿತ್ತು. ಸವೆಯುತ್ತಿತ್ತು, ಮುರಿಯುತ್ತಿತ್ತು. ಸಿಪಾಯಿಗಳು ಬೇರೆ ಸೂಜಿ ಜೊತೆಗಿಟ್ಟುಕೊಂಡೇ ಯುದ್ಧಕ್ಕೆ ಹೋಗುತ್ತಿದ್ದರು.

ಇನ್ನೊಂದು ತೊಂದರೆ ಇತ್ತು. ಚಿಲಕದ ಸಂದಿಯಿಂದ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತಿತ್ತು. ಮುಖ ಸುಟ್ಟೀತೆಂದು ಎಷ್ಟೋ ಜನ ಬಂದೂಕನ್ನು ಸೊಂಟದ ಹತ್ತಿರ ಹಿಡಿದೇ ಹೊಡೆಯುತ್ತಿದ್ದರು. ಹಾಗೆ ಹೊಡೆದರೆ ಗುರಿ ಎಲ್ಲಿಂದ ಬರಬೇಕು?

ಇಷ್ಟು ಕೇಳಿ ಇದನ್ನು ಅರೆಬೆಂದ ಬಂದೂಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1866ರ ಜುಲೈ 3ರಂದು ಪ್ರಷ್ಯಾ ಮತ್ತು ಆಸ್ಟ್ರಿಯಾ ನಡುವೆ ನಡೆದ ಕೋನಿಗ್‌ಗ್ರೇಟ್ಸ್ ಕದನ ನೋಡಿ. ಈಗ ಆ ಊರು ಚೆಕ್ ದೇಶದಲ್ಲಿದೆ. ಎದುರಿಗಿದ್ದ ಆಸ್ಟ್ರಿಯನ್ನರ ಲೊರೆಂಟ್ಸ್ ಬಂದೂಕು ಡ್ರೈಸೆಗಿಂತ ಜಾಸ್ತಿ ದೂರ ಹೊಡೆಯುತ್ತಿತ್ತು, ಗುರಿಯೂ ಚೆನ್ನಾಗಿತ್ತು. ಆದರೆ ಅದಕ್ಕೆ ಮದ್ದು ತುಂಬಬೇಕಾದದ್ದು ನಳಿಗೆಯ ಬಾಯಿಂದ. ಎದ್ದು ನಿಂತು, ಸುರಿದು, ಸರಳಿನಿಂದ ಜಡಿಯಬೇಕು. ಅವರು ಒಂದು ಗುಂಡು ಹಾರಿಸುವಷ್ಟರಲ್ಲಿ ಪ್ರಷ್ಯಾದವರು ಮೂರು ನಾಲ್ಕು ಹಾರಿಸುತ್ತಿದ್ದರು. ಎಲ್ಲರೂ ಈ ವೇಗವನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಪ್ರಷ್ಯಾದ ಸಿಪಾಯಿ ಮಲಗಿಕೊಂಡೇ ಗುಂಡು ತುಂಬಬಹುದಿತ್ತು. ಮರದ ಬುಡದಲ್ಲಿ, ಗದ್ದೆಯ ಬದುವಿನ ಹಿಂದೆ, ತಲೆ ಎತ್ತದೆ. ನಿಂತವನ ಎದೆ ಶತ್ರುವಿಗೆ ಬಾಗಿಲಷ್ಟು ದೊಡ್ಡದಾಗಿ ಕಾಣುತ್ತದೆ. ಮಲಗಿದವನದು ಬರೀ ಟೋಪಿ. ಅಂದು ಸ್ವೀಪ್‌ವಾಲ್ಡ್ ಕಾಡಿನೊಳಗೆ ಕಡಿಮೆ ಜನರಿದ್ದ ಪ್ರಷ್ಯಾ ದಳ ಗಂಟೆಗಟ್ಟಲೆ ತಡೆದು ನಿಂತಿತು. ಮರಗಳ ನಡುವೆ ದೂರದ ಗುರಿಯಿಂದ ಲೊರೆಂಟ್ಸ್‌ಗೆ ಏನು ಲಾಭ?

ಗೆದ್ದದ್ದು ಬಂದೂಕೊಂದೇ ಅಂತಲೂ ನಾನು ಹೇಳುವುದಿಲ್ಲ. ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಹಿಡಿದು ಗುಂಪಾಗಿ ನುಗ್ಗುವ ಆಸ್ಟ್ರಿಯನ್ನರ ಪದ್ಧತಿಯೂ ಅವರನ್ನು ಕೆಡಿಸಿತು.

ನಾಲ್ಕೇ ವರ್ಷಕ್ಕೆ, ಫ್ರಾನ್ಸ್ ಜೊತೆಗಿನ ಯುದ್ಧದಲ್ಲಿ, ಸರದಿ ತಿರುಗಿತು. ಫ್ರೆಂಚರ ಶಾಸ್ಪೊ ಬಂದೂಕಿಗೂ ಸೂಜಿ, ಚಿಲಕ, ಕಾಗದದ ತೋಟಾನೇ. ಆದರೆ ಚಿಲಕದ ತುದಿಗೆ ಒಂದು ರಬ್ಬರ್ ಬಿಲ್ಲೆ ಹಾಕಿ ಸಂದಿ ಮುಚ್ಚಿದ್ದರು. 1870ರ ಆಗಸ್ಟ್ 18ರಂದು ಸೇಂಟ್ ಪ್ರಿವಾ ಹಳ್ಳಿಯ ಮುಂದಿನ ಬಯಲಲ್ಲಿ ಪ್ರಷ್ಯಾದ ಗಾರ್ಡ್ ಎಂಬ ಆಯ್ದ ದಳದ ಸುಮಾರು 8,000 ಜನ ಸತ್ತರು ಇಲ್ಲವೇ ಗಾಯಗೊಂಡರು. ಅವರ ಗುಂಡು ಮುಟ್ಟದಷ್ಟು ದೂರದಿಂದಲೇ ಶಾಸ್ಪೊ ಹೊಡೆಯುತ್ತಿತ್ತು. ಆ ಯುದ್ಧದಲ್ಲಿ ಪ್ರಷ್ಯಾವನ್ನು ಕಾಪಾಡಿದ್ದರಲ್ಲಿ ಕ್ರುಪ್ ಕಂಪನಿಯ ಫಿರಂಗಿಗಳ ಪಾಲು ದೊಡ್ಡದು.

ಆದರೂ ನನ್ನ ಮಾತು ಇಷ್ಟೇ: ದೊಡ್ಡ ಕೊರತೆ ಇದ್ದದ್ದು ಕಾಗದದ ತೋಟಾದಲ್ಲಿ, ಚಿಲಕದಲ್ಲಲ್ಲ. ಲೋಹದ ತೋಟಾ ಬಂದಾಗ ಅದು ಸಿಡಿತಕ್ಕೆ ಉಬ್ಬಿ ತಾನೇ ಸಂದಿ ಮುಚ್ಚಿತು. ಮದ್ದಿನೊಳಗೆ ಹಾಯುವ ಉದ್ದ ಸೂಜಿ ಬೇಡವಾಯಿತು. ಜರ್ಮನಿಯ 1871ರ ಮೌಸರ್ ಬಂದೂಕಿನಲ್ಲಿ ಚಿಲಕ ಹಾಗೇ ಉಳಿಯಿತು. ನಮ್ಮ ಪೊಲೀಸರ ಹೆಗಲ ಮೇಲೆ ಬಹಳ ವರ್ಷ ಇದ್ದ ತ್ರೀ ನಾಟ್ ತ್ರೀ ಬಂದೂಕು ನೆನಪಿದೆಯಾ? ಅದರ ಹಿಡಿಯನ್ನೂ ಎತ್ತಬೇಕು, ಎಳೆಯಬೇಕು, ತಳ್ಳಬೇಕು, ಮಡಚಬೇಕು.