ತಕ್ಕಡಿಗೆ ಹಾಕುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ಅಟ್ಟ ಖಾಲಿ ಮಾಡುವಾಗ ತಾತನ ಕಾಲದ ಸೈಕಲ್ಲಿನ ಬಿಡಿ ಭಾಗಗಳು ಸಿಕ್ಕಿದರೆ ಏನು ಮಾಡುತ್ತೇವೆ? ಗುಜರಿಯವನನ್ನು ಕರೆಯುತ್ತೇವೆ. ಅವನಿಗೆ ಎಲ್ಲವೂ ಕಬ್ಬಿಣವೇ, ಕೆಜಿ ಲೆಕ್ಕ. ಅವನನ್ನು ಬೈದು ಪ್ರಯೋಜನವಿಲ್ಲ. ಆ ರಾಶಿಯಲ್ಲಿ ಹೆಚ್ಚಿನದು ನಿಜಕ್ಕೂ ಗುಜರಿಯೇ. ಆದರೆ ಒಂದೆರಡು ವಸ್ತುಗಳಿಗಾಗಿ ಹುಡುಕಾಡುವ ಜನ ಇದ್ದಾರೆ. ಅಂಥವನ್ನು ಗುರುತಿಸೋದು ಹೇಗೆ?

ಮೊದಲು, ಮರಳು ಕಾಗದ ಕೆಳಗಿಡಿ. ತುಕ್ಕು ಕಂಡ ಕೂಡಲೇ ತಿಕ್ಕಿ ಫಳಫಳ ಮಾಡುವ ಚಾಳಿ ನಮ್ಮಲ್ಲಿ ಜಾಸ್ತಿ. 1930ರ ಸುಮಾರಿಗೆ ಕ್ರೋಮ್ ಬಳಕೆಗೆ ಬರುವವರೆಗೆ ಸೈಕಲ್ಲಿಗೆ ನಿಕ್ಕಲ್ ಲೇಪ ಇರುತ್ತಿತ್ತು. ನಿಕ್ಕಲ್ ಬಣ್ಣ ತುಸು ಹಳದಿ ಕಡೆಗೆ, ಕ್ರೋಮ್ ಹೊಳಪು ನೀಲಿ ಕಡೆಗೆ. ಜೋರಾಗಿ ತಿಕ್ಕಿದರೆ ಆ ಹಳೆಯ ಲೇಪವೂ ಹೋಗುತ್ತದೆ, ಜೊತೆಗೆ ಕೆತ್ತಿದ ಅಕ್ಷರವೂ ಸವೆಯುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು. ಮೆಲ್ಲಗೆ ಒರೆಸಿ, ಓದಿ.

ಏನು ಓದೋದು ಅಂತೀರಾ? ಹಿಂದಿನ ಚಕ್ರದ ಹಬ್, ಅಂದರೆ ಕಡ್ಡಿಗಳು ಬಂದು ಸೇರುವ ನಡುಭಾಗ, ತೆಗೆದುಕೊಳ್ಳಿ. ಅದು ದಪ್ಪಗಿದ್ದು, ಮೇಲೆ 'ಸ್ಟರ್ಮಿ ಆರ್ಚರ್' ಅಂತ ಇದ್ದರೆ, ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇರ್ ಹಬ್, ಗೇರುಗಳೆಲ್ಲ ಅದರೊಳಗೇ. 'ಎಡಬ್ಲ್ಯೂ' ಅನ್ನುವ ಗುರುತೂ ಇದ್ದರೆ ಮೂರು ಗೇರಿನದು. ಪಕ್ಕದಲ್ಲಿ 54 7 ಅಂತ ಅಂಕಿ ಕಂಡರೆ 1954ರ ಜುಲೈನಲ್ಲಿ ತಯಾರಾದದ್ದು. ಹುಟ್ಟಿದ ತಿಂಗಳನ್ನೇ ಮೈಮೇಲೆ ಬರೆದುಕೊಂಡು ಬಂದಿರುತ್ತದೆ, ನೋಡಿ! ಹೊರಗೆ ತುಕ್ಕು ಹಿಡಿದಿದೆ ಅಂತ ಇದನ್ನು ಬಿಡಬೇಡಿ. ಎಣ್ಣೆ ಬಿಡಲು ಹಬ್ಬಿನ ಮೇಲೆ ಪುಟ್ಟ ಮುಚ್ಚಳ ಇರುತ್ತದೆ. ಎಣ್ಣೆ ಕಂಡಿದ್ದ ಹಬ್ಬಿನ ಒಳಗಿನ ಹಲ್ಲುಗಳು ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತವೆ. ಅಚ್ಚು ಹಿಡಿದು ತಿರುಗಿಸಿ ನೋಡಿ. ಒಂದೇ ಎಚ್ಚರಿಕೆ, ಹಬ್ಬಿನ ವರ್ಷವೇ ಸೈಕಲ್ಲಿನ ವರ್ಷ ಅಂತ ಹೇಳೋಕಾಗಲ್ಲ. ರಿಪೇರಿಯಲ್ಲಿ ಯಾರೋ ಬೇರೆ ಹಬ್ ಹಾಕಿರಬಹುದು.

ಚೈನ್ ವೀಲ್, ಅಂದರೆ ಪೆಡಲಿನ ಹತ್ತಿರ ಚೈನ್ ಕೂರುವ ಹಲ್ಲಿನ ಚಕ್ರ, ಇದ್ದರೆ ಅಕ್ಷರವೂ ಬೇಕಿಲ್ಲ, ಆಕಾರವೇ ಹೇಳುತ್ತದೆ. ಕೊಕ್ಕರೆ ತಲೆಗಳಿದ್ದರೆ ರ್‍ಯಾಲಿ, ಮನುಷ್ಯರ ಆಕೃತಿಗಳಿದ್ದರೆ ಹಂಬರ್, ಅಂಗೈ ಇದ್ದರೆ ರಡ್ಜ್; ಮೂರೂ ಇಂಗ್ಲೆಂಡಿನ ಸೈಕಲ್ ಕಂಪನಿಗಳು. ಬಂದೂಕು ಮಾಡುತ್ತಿದ್ದ ಬಿಎಸ್‌ಎ ಕಂಪನಿ ತನ್ನ ಮೂರಕ್ಷರವನ್ನೇ ಕತ್ತರಿಸಿ ಕೂರಿಸುತ್ತಿತ್ತು. ಆದರೆ ಹಲ್ಲು ನೋಡಿ. ಸವೆದು ಮೀನಿನ ಗಾಳದ ಹಾಗೆ ಬಾಗಿದ್ದರೆ ಅದು ಗೋಡೆಗೆ ತೂಗುಹಾಕೋಕೆ ಚೆಂದ, ಓಡಿಸೋಕಲ್ಲ. ಬೆಲೆಯೂ ಹಾಗೇ ಇಳಿಯುತ್ತದೆ.

ತುಕ್ಕಿನಲ್ಲೂ ಎರಡು ಜಾತಿ. ಕೈಗೆ ಕೆಂಪು ಪುಡಿ ಹತ್ತುವುದು ಒಂದು. ಅದು ಎಣ್ಣೆಗೆ ಬಗ್ಗುತ್ತದೆ. ಇನ್ನೊಂದು ಲೋಹವನ್ನೇ ತಿಂದು ಗುಂಡಿ ಬೀಳಿಸಿದ್ದು, ಉಗುರು ಆಡಿಸಿದರೆ ತಗಲುತ್ತದೆ. ಬೆಲ್ಲಿಗೆ, ಲಾಂಪಿಗೆ ಗುಂಡಿ ಬಿದ್ದರೂ ನಡೆಯುತ್ತದೆ. ರಿಮ್ಮಿಗೆ ಬಿದ್ದರೆ ಬೇಡ. ರಾಡ್ ಬ್ರೇಕಿನ ರಬ್ಬರ್ ಒತ್ತುವುದು ರಿಮ್ಮಿನ ಮೇಲೇ ತಾನೇ? ಅಂಥ ರಿಮ್ಮನ್ನು 'ಹಳೇ ಕಾಲದ ಗಟ್ಟಿ ಮಾಲು' ಅಂತ ಮಾರುವವರ ಮಾತಿಗೆ ನಾನಂತೂ ಸೊಪ್ಪು ಹಾಕಲ್ಲ.

ಸೀಟಿನದು ಉಲ್ಟಾ ಲೆಕ್ಕ. ಬರ್ಮಿಂಗ್‌ಹ್ಯಾಮ್‌ನ ಬ್ರೂಕ್ಸ್ ಸೀಟು ಸಿಕ್ಕಿದರೆ ಕೆಳಗಿನ ಸ್ಪ್ರಿಂಗಿನ ತುಕ್ಕು ಮರೆತುಬಿಡಿ, ಚರ್ಮ ನೋಡಿ. ಚರ್ಮವನ್ನು ಹಿಡಿದಿರುವ ರಿವೆಟ್ ಮೊಳೆಗಳ ಹತ್ತಿರ ಹರಿದಿದ್ದರೆ ಮುಗಿಯಿತು.

ಇನ್ನು 'ಇಂಗ್ಲೆಂಡ್ ಮಾಲು' ಅನ್ನುವ ಮಾತು. 1949ರಲ್ಲಿ ಶುರುವಾದ ಮದ್ರಾಸಿನ ಟಿಐ ಕಂಪನಿ ನಮ್ಮಲ್ಲೇ ಹರ್ಕ್ಯುಲಿಸ್ ಮಾಡಿತು, ಬಂಗಾಳದ ಆಸನ್‌ಸೋಲ್‌ನಲ್ಲಿ ಸೆನ್ ರ್‍ಯಾಲಿ ಇತ್ತು. ಹೆಸರು ಇಂಗ್ಲೆಂಡಿನ ಕಂಪನಿಗಳದ್ದೇ ಆದ್ದರಿಂದ ಮಾಲೂ ಅಲ್ಲಿಯದೇ ಅಂತ ಸುಮ್ನೆ ಬೆಲೆ ಏರಿಸುತ್ತಾರೆ. 'ಮೇಡ್ ಇನ್ ಇಂಗ್ಲೆಂಡ್' ಅಂತ ಎಲ್ಲಿದೆ ಅಂತ ಕೇಳಿ. ಹಾಗಂತ ಇಲ್ಲಿಯದು ಕಳಪೆ ಅಲ್ಲ. ಆಸನ್‌ಸೋಲಿನ ಸೈಕಲ್ಲನ್ನೇ ಮೊದಲಿನಂತೆ ಮಾಡಲು ಹೊರಟವನಿಗೆ ಅಲ್ಲಿಯ ಬಿಡಿ ಭಾಗವೇ ಬೇಕು, ಅಲ್ವಾ?

ಕೊನೆಯದಾಗಿ, ಜೋಡಿ. ಒಂಟಿ ಪೆಡಲ್ ಕೊಳ್ಳುವವರು ಕಡಿಮೆ. ಎಡ ಪೆಡಲಿನ ತಿರುಪು (ಥ್ರೆಡ್) ಉಲ್ಟಾ ಇರುವುದರಿಂದ ಎರಡು ಬಲ ಪೆಡಲ್ ಸೇರಿಸಿದರೆ ಜೋಡಿ ಆಗುವುದಿಲ್ಲ. ಆದ್ದರಿಂದ ಅಟ್ಟದ ರಾಶಿಯಿಂದ ಒಂದನ್ನು ಎತ್ತಿಟ್ಟ ಮೇಲೆ, ಇನ್ನೊಂದು ಸಿಗುವವರೆಗೆ ಗುಜರಿಯವನನ್ನು ಬಾಗಿಲಲ್ಲೇ ನಿಲ್ಲಿಸಿ. ನಮಸ್ಕಾರ.